ಸೇರುವಾಗ ನೋವು: ‘ಎಲ್ಲಾ ಮನಸ್ಸಿನದ್ದು’ ಅಂದರೆ ಏನು ಮಾಡೋದು?

ಪ್ರಶ್ನೆ: ಗಂಡನ ಜೊತೆ ಸೇರುವಾಗ ಮೊದಲಿನಿಂದಲೂ ಉರಿ, ನೋವು. ಡಾಕ್ಟರು ಪರೀಕ್ಷೆ ಮಾಡಿ, ಎಲ್ಲಾ ಸರಿ ಇದೆ, ಟೆನ್ಷನ್ ಬಿಡಿ ಅಂದರು. ಗಂಡ ಒಳ್ಳೆಯವರು, ಆದರೆ ಈಗ ಮುಟ್ಟುವುದಕ್ಕೇ ಹೆದರುತ್ತಾರೆ. ಇದನ್ನು ದಾಟಿದವರು ಹೇಳಿ.

ಉತ್ತರ: ನಿಮ್ಮ ನೋವು ನಿಜ, ಸುಮ್ನೆ ಕಲ್ಪನೆಯಲ್ಲ. ಕಣ್ಣಿನ ಹತ್ತಿರ ಬೆರಳು ತಂದರೆ ರೆಪ್ಪೆ ತಾನಾಗೇ ಮುಚ್ಚುತ್ತದೆ ಅಲ್ವಾ? ಹಾಗೇ ನೋವು ಬರುತ್ತದೆ ಅನ್ನುವ ಹೆದರಿಕೆಗೇ ಯೋನಿಯ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಬಿಗಿದರೆ ನೋವು ಜಾಸ್ತಿ, ಮುಂದಿನ ಸಲ ಹೆದರಿಕೆ ಇನ್ನೂ ಜಾಸ್ತಿ. ವ್ಯಾಜಿನಿಸ್ಮಸ್ (ಯೋನಿಯ ಸ್ನಾಯು ತಾನಾಗೇ ಬಿಗಿಯುವುದು), ಡಿಸ್ಪರೂನಿಯಾ (ಸೇರುವಾಗ ನೋವು) ಅಂತ ಬೇರೆ ಬೇರೆ ಇದ್ದದ್ದನ್ನು, ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಒಂದೇ ಸಮಸ್ಯೆಯಾಗಿ ಸೇರಿಸಿತು. ನೋವು, ಹೆದರಿಕೆ, ಬಿಗಿತ ಒಂದಕ್ಕೊಂದು ಅಷ್ಟು ಹೆಣೆದುಕೊಂಡಿರುತ್ತವೆ. ನನಗೆ ಕೈಹಿಡಿದದ್ದು ಪೆಲ್ವಿಕ್ ಫಿಸಿಯೋಥೆರಪಿ, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಮಾಡಿಸುವ ವ್ಯಾಯಾಮ. ಉಸಿರು ಬಿಡುತ್ತಾ ಸ್ನಾಯು ಸಡಿಲ ಮಾಡುವುದು, ಮೊದಲು ನನ್ನದೇ ಬೆರಳಿನ ತುದಿ, ಆಮೇಲೆ ಸಣ್ಣ ಡೈಲೇಟರ್ (ಯೋನಿಯನ್ನು ನಿಧಾನವಾಗಿ ಒಗ್ಗಿಸಲು ಬಳಸುವ ನಯವಾದ ಕಡ್ಡಿಯಂಥ ಸಾಧನ). ಹಲ್ಲು ಕಚ್ಚಿ ಸಹಿಸಿಕೊಳ್ಳಬೇಡಿ, ಅದರಿಂದ ಹೆದರಿಕೆ ಬೆಳೆಯುತ್ತದೆ ಅಷ್ಟೇ.

ಇನ್ನೊಬ್ಬರು: ಗಂಡನ ವಿಷಯಕ್ಕೆ ಬರುತ್ತೇನೆ, ನನ್ನ ಪ್ರಕಾರ ಅರ್ಧ ದಾರಿ ಅಲ್ಲೇ ಇದೆ. ನಾನು ಚೂರು ಮುಖ ಕಿವುಚಿದರೂ ನಮ್ಮನೆಯವರು ‘ಬೇಡ ಬಿಡು’ ಅಂತ ಆ ಕಡೆ ತಿರುಗಿ ಮಲಗುತ್ತಿದ್ದರು. ಪ್ರೀತಿಯಿಂದಲೇ. ಆದರೆ ನನ್ನಲ್ಲೇ ಏನೋ ಕೊರತೆ ಇದೆ ಅನ್ನಿಸಿ ರಾತ್ರಿಯಿಡೀ ಅಳು ಬರುತ್ತಿತ್ತು. ಸಂಗಾತಿ ಸಿಡುಕಿದರೆ ನೋವು ಹೆಚ್ಚುತ್ತದೆ, ಸರಿ. ಅತಿಯಾದ ಕಾಳಜಿಯಿಂದ ಎಲ್ಲವನ್ನೂ ನಿಲ್ಲಿಸಿಬಿಡುವ ಕಡೆಯೂ ನೋವು ಜಾಸ್ತಿ ಇರುವುದು ಅಧ್ಯಯನಗಳಲ್ಲಿ ಕಂಡಿದೆ. ಕೌನ್ಸೆಲರ್ ಇಬ್ಬರನ್ನೂ ಕೂರಿಸಿಕೊಂಡು, ಸದ್ಯಕ್ಕೆ ಒಳಗೆ ಸೇರುವ ಮಾತೇ ಬೇಡ ಅಂದರು. ಅಪ್ಪಿಕೊಳ್ಳಿ, ಬೆನ್ನು ಸವರಿ, ಅಷ್ಟೇ. ‘ಇದು ಕೊನೆಗೆ ಅಲ್ಲಿಗೇ ಹೋಗುತ್ತದೆ’ ಅನ್ನುವ ದಿಗಿಲು ಹೋದಮೇಲೆ ಮೈ ತಾನಾಗಿ ಹಗುರಾಯಿತು. ‘ಸಾಕು’ ಅಂತ ನಾನೇ ಹೇಳಬೇಕು, ಅವರು ಊಹಿಸಬಾರದು. ‘ಇಲ್ಲಿ ಹಿತವಾಗಿದೆ’ ಅಂತಲೂ ಹೇಳಬೇಕು. ನಾಚಿಕೆ ಬಿಟ್ಟು ಅದನ್ನು ಹೇಳುವುದೇ ನನಗೆ ಹೆಚ್ಚು ಕಷ್ಟವಾಯಿತು.

ಮತ್ತೊಬ್ಬರು: ಸೋಂಕು, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ), ಚರ್ಮದ ತೊಂದರೆ, ಹಾಲೂಡಿಸುವಾಗಿನ ಯೋನಿಯ ಶುಷ್ಕತೆ, ಇವನ್ನೆಲ್ಲಾ ನೋಡಿದ್ದಾರಾ ಅಂತ ಕೇಳಿ. ನನಗಿದ್ದದ್ದು ಎಂಡೋಮೆಟ್ರಿಯೋಸಿಸ್. ಚಿಕಿತ್ಸೆಯಾದ ಮೇಲೂ ಹೆದರಿಕೆ ಹೋಗಲಿಲ್ಲ, ಅದಕ್ಕೆ ಬೇರೆಯಾಗಿ ಕೌನ್ಸೆಲಿಂಗ್ ಬೇಕಾಯಿತು. ಹಿಂದೆ ಯಾರಾದರೂ ಬಲವಂತ ಮಾಡಿದ್ದರೆ ಅದನ್ನೂ ತಿಳಿಸಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದುಕೊಡಿ. ಪರೀಕ್ಷೆ ಮಾಡುವಾಗ ನೀವು ‘ನಿಲ್ಲಿಸಿ’ ಅಂದರೆ ಡಾಕ್ಟರು ನಿಲ್ಲಿಸಲೇಬೇಕು. ನಿಲ್ಲಿಸದಿದ್ದರೆ ಬೇರೆ ಡಾಕ್ಟರ ಹತ್ತಿರ ಹೋಗಿ.