ಪಹಣಿಯ ‘ಫೂಟ್ ಖರಾಬು’: ಪದ ಮತ್ತು ಅರ್ಥ

ಪ್ರಶ್ನೆ: ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಫೂಟ್ ಖರಾಬು (ಅ)’, ‘ಫೂಟ್ ಖರಾಬು (ಬ)’ ಎಂದಿರುತ್ತದೆ. ಈ ‘ಫೂಟ್’ ಅಡಿಯ ಅಳತೆಯೇ, ಕಾಲುದಾರಿಯೇ? ಖರಾಬು ಎಂಬುದಕ್ಕೆ ‘ಬೀಳು ಭೂಮಿ’ ಎಂದು ಬರೆಯಬಹುದೇ?

ಉತ್ತರ: ಅಡಿಯೂ ಅಲ್ಲ, ಕಾಲುದಾರಿಯೂ ಅಲ್ಲ. ಅದು ಮರಾಠಿಯ ‘ಪೋಟ’, ಅಂದರೆ ಹೊಟ್ಟೆ. ಸರ್ವೆ ನಂಬರಿನ ಹೊಟ್ಟೆಯೊಳಗೇ ಸೇರಿಕೊಂಡಿರುವ ಖರಾಬು ‘ಪೋಟ್ ಖರಾಬು’. ಮುಂಬಯಿ ಸರ್ವೆ ಪದ್ಧತಿಯ ಜೊತೆ ಬಂದ ಮಾತು, ನಮ್ಮ ಬಾಯಲ್ಲಿ ‘ಫೂಟ್’ ಆಯಿತು. ‘ಪೋಟ್ ಹಿಸ್ಸಾ’ದಲ್ಲೂ (ಸರ್ವೆ ನಂಬರಿನ ಒಳಪಾಲು) ಇದೇ ಪೋಟ ಇದೆ. ಜಮೀನನ್ನು ಅಳೆದು ಭಾಗ ಬೇರ್ಪಡಿಸುವ ‘ಪೋಡಿ’ ಮಾತ್ರ ಬೇರೆ; ಅದು ಒಡೆಯುವುದು ಎಂಬರ್ಥದ ‘ಫೋಡ್’ನಿಂದ ಬಂದದ್ದು.

‘ಬೀಳು’ ಎಂದು ಬರೆಯಬೇಡಿ. ಬೀಳು, ಉತ್ತರ ಕರ್ನಾಟಕದ ‘ಪಡ’, ಇವು ಉಳದೆ ಬಿಟ್ಟ ಹೊಲ. ಉತ್ತರೂ ಬಿಟ್ಟರೂ ಕಂದಾಯದ ಲೆಕ್ಕದಲ್ಲಿ ಇದ್ದೇ ಇರುತ್ತವೆ. ಖರಾಬು ಆ ಲೆಕ್ಕದಿಂದಲೇ ಕಳೆದ ನೆಲ. ಅರಬ್ಬಿ ಮೂಲದಲ್ಲಿ ಪಾಳು ಎಂಬ ಅರ್ಥವಿದ್ದರೂ ಕಂದಾಯದ ಮಾತಿನಲ್ಲಿ ಅದು ನೆಲದ ಗುಣ ಹೇಳುವುದಿಲ್ಲ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21(2)ರಂತೆ ‘ಅ’ ಎಂದರೆ ಸರ್ವೆ ಕಾಲಕ್ಕೆ ಸಾಗುವಳಿಗೆ ಬಾರದ ಬಂಡೆ, ಕೊರಕಲು, ಹಿಡುವಳಿದಾರನ ಕಣ, ಹೊಲಮನೆ. ‘ಬ’ ಎಂದರೆ ಊರಿನ ಬಳಕೆಯದು: ರಸ್ತೆ, ಕಾಲುದಾರಿ, ಬೇರೆಯವರ ಹೊಲಕ್ಕೂ ನೀರುಣಿಸುವ ಕೆರೆ ಅಥವಾ ಹಳ್ಳ, ಸ್ಮಶಾನ, ಕುಂಬಾರರ ಮಣ್ಣಿನ ಜಾಗ. ಇದರಲ್ಲಿ ‘ಕೆಟ್ಟದ್ದು’ ಯಾವುದು?

ಲೆಕ್ಕ ನೋಡಿ. ಒಟ್ಟು 4 ಎಕರೆ 20 ಗುಂಟೆ. ಅ 6 ಗುಂಟೆ, ಬ 8 ಗುಂಟೆ. ಉಳಿದದ್ದು 4 ಎಕರೆ 6 ಗುಂಟೆ. ಕಂದಾಯ ಈ ಉಳಿದದ್ದಕ್ಕೆ ಮಾತ್ರ. ಸರ್ವೆಯ ಚೈನು 33 ಅಡಿ, ಒಂದು ಚದರ ಚೈನು ಒಂದು ಗುಂಟೆ. ಹಾಗಾಗಿ ಆ 8 ಗುಂಟೆ ಎಂದರೆ ಅರ್ಧ ಚೈನು ಅಗಲದ, 16 ಚೈನು ಉದ್ದದ ಒಂದು ಗಾಡಿದಾರಿ: ಹದಿನಾರೂವರೆ ಅಡಿ ಅಗಲ, 528 ಅಡಿ ಉದ್ದ.

ತಪ್ಪುವುದು ಇಲ್ಲೇ. ಕೊಳ್ಳುವವರು ಒಟ್ಟು ವಿಸ್ತೀರ್ಣಕ್ಕೆ ಹಣ ಕೊಟ್ಟು, ‘ಖರಾಬು ತಾನೆ, ನಮ್ಮದೇ’ ಎಂದು ದಾರಿಯನ್ನೂ ಉತ್ತುಬಿಡುತ್ತಾರೆ. ನಾಲ್ಕು ಮಳೆಗಾಲ ಕಳೆದರೆ ದಾರಿಯ ಗುರುತೂ ಇರುವುದಿಲ್ಲ. ಆಮೇಲೆ ಪಂಚಾಯಿತಿ ಹೊಲದ ದಾರಿ ಮಾಡಲು ಬಂದಾಗ ತಕರಾರು, ಕೆಲಸ ನಿಲ್ಲುತ್ತದೆ, ಹಿಂದಿನ ಹೊಲದವರು ಕಬ್ಬನ್ನು ತಲೆಹೊರೆಯಲ್ಲಿ ಸಾಗಿಸುತ್ತಾರೆ. ಪಹಣಿಯೊಂದನ್ನೇ ನಂಬದೆ ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಸರ್ವೆಯವರ ಅಳತೆಯ ನಕ್ಷೆ), ಗ್ರಾಮ ನಕ್ಷೆ ಮೂರನ್ನೂ ಪಕ್ಕದಲ್ಲಿಟ್ಟು ಓದಬೇಕು. ಖರಾಬಿನ ಅಂಕಿ ಬೇರೆಬೇರೆ ಇದ್ದರೆ ಕೊಳ್ಳುವ ಮೊದಲೇ ಅಳತೆಗೆ ಅರ್ಜಿ ಹಾಕಬೇಕು.

ಅರ್ಥ ಬರೆಯುವುದಾದರೆ ‘ಅ’ಕ್ಕೆ ‘ಕಂದಾಯ ಬಿಟ್ಟ ಸ್ವಂತ ನೆಲ’, ‘ಬ’ಕ್ಕೆ ‘ಕಂದಾಯ ಬಿಟ್ಟ ಊರ ನೆಲ’ ಎನ್ನಿ. ‘ಸಾರ್ವಜನಿಕ ಖರಾಬು’ ಎಂಬ ಬಳಕೆಯೂ ಉಂಟು, ಅದಾದರೂ ಸರಿಯೇ.