ಮೈಸೂರಲ್ಲಿ ಎಲೆಕ್ಟ್ರಿಕ್ ಕಾರು: ತಿಂಗಳಿಗೆ 1,000 ಕಿ.ಮೀ. ಓಡಿಸೋರಿಗೆ ಗಿಟ್ಟುತ್ತಾ?

ವಿಜಯನಗರ_2ನೇ_ಹಂತ

ಹೊಸ ಕಾರು ತಗೋಬೇಕು. ಪೆಟ್ರೋಲೋ ಎಲೆಕ್ಟ್ರಿಕ್ಕೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಸ್ವಂತ ಮನೆ, ಗೇಟಿನ ಒಳಗೆ ಒಂದು ಕಾರಿಗೆ ಜಾಗ ಇದೆ. ಕಟ್ಟಿ 20 ವರ್ಷ ದಾಟಿದ ಮನೆ, ಸಿಂಗಲ್ ಫೇಸ್, ಮಂಜೂರಾದ ಲೋಡ್ 3 ಕಿಲೋವ್ಯಾಟ್. ತಿಂಗಳಿಗೆ 110 ಯೂನಿಟ್ ಆಸುಪಾಸು ಬರುತ್ತೆ, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ.

ಓಡಾಟ: ದಿನಾ ಹೆಬ್ಬಾಳ ಕೈಗಾರಿಕಾ ಪ್ರದೇಶ, ತಿಂಗಳಿಗೊಮ್ಮೆ ಬೆಂಗಳೂರು, ಎರಡು ಸಲ ಮಳವಳ್ಳಿ ಹತ್ತಿರದ ಊರು, ವರ್ಷಕ್ಕೊಮ್ಮೆ ಊಟಿ. ಎಲ್ಲ ಸೇರಿ ತಿಂಗಳಿಗೆ 1,000 ಕಿ.ಮೀ. ಇಷ್ಟಕ್ಕೆ ದುಡ್ಡು ಉಳಿಯುತ್ತಾ? ಮನೆಯ 15 ಆಂಪ್ ಪ್ಲಗ್ಗು ಸಾಕಾ? ಶೋರೂಮಿನವರು ರೇಂಜ್ ಬಿಟ್ಟು ಬೇರೆ ಮಾತೇ ಆಡಲ್ಲ. ಅವರು ಹೇಳದೆ ಇರೋದನ್ನ ತಿಳಿದವರು ಹೇಳಿ.

ಲೆಕ್ಕದ_ಪುಸ್ತಕ

ಮೊದಲು ಗೃಹಜ್ಯೋತಿಯ ವಿಷಯ ನೋಡಿ. ಎಲ್ಲರೂ "ಯೂನಿಟ್‌ಗೆ ಇಷ್ಟು, ಕಿ.ಮೀ.ಗೆ ಇಷ್ಟು" ಅಂತ ಗುಣಿಸಿ ಸುಮ್ಮನಾಗುತ್ತಾರೆ. ನಿಮ್ಮ ಮನೆಯ ಲೆಕ್ಕ ಅಷ್ಟು ಸಲೀಸಲ್ಲ.

ನಾಲ್ಕು ಮೀಟರ್ ಉದ್ದದ ಸಾಧಾರಣ ಎಲೆಕ್ಟ್ರಿಕ್ ಕಾರು ನಮ್ಮ ಊರಿನ ಓಡಾಟದಲ್ಲಿ ಕಿ.ಮೀ.ಗೆ 130 ವ್ಯಾಟ್-ಅವರ್ ಎಳೆಯುತ್ತದೆ. ಚಾರ್ಜ್ ಮಾಡುವಾಗ ಶಾಖವಾಗಿ ಹೋಗುವ ಶೇ 10–13 ಸೇರಿಸಿದರೆ ಮೀಟರಿನಲ್ಲಿ ಓಡುವುದು 150. ಅಂದರೆ 1,000 ಕಿ.ಮೀ.ಗೆ 150 ಯೂನಿಟ್. ಮನೆಯ 110 ಸೇರಿದರೆ 260. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ದಾಟಿದ ಭಾಗಕ್ಕಷ್ಟೇ ಅಲ್ಲ, ಇಡೀ 260ಕ್ಕೂ ಬಿಲ್ ಬರುತ್ತದೆ. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ ಸುಮಾರು 7 ರೂಪಾಯಿ ಹಿಡಿದರೆ 1,820, ಮೇಲೆ ಕಿಲೋವ್ಯಾಟ್ ಲೆಕ್ಕದ ನಿಗದಿ ಶುಲ್ಕ. ಒಟ್ಟು 2,300ರ ಹತ್ತಿರ. ಇವತ್ತು ಸೊನ್ನೆ ಇರುವ ಬಿಲ್ಲು ಇಷ್ಟಾಗುತ್ತದಾದ್ದರಿಂದ ಅಷ್ಟನ್ನೂ ಕಾರಿನ ಖಾತೆಗೇ ಬರೆಯಬೇಕು.

ಅದೇ ಓಡಾಟಕ್ಕೆ ಲೀಟರಿಗೆ 16 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 62 ಲೀಟರ್ ಬೇಕು. 103 ರೂಪಾಯಿ ದರದಲ್ಲಿ 6,400. ತಿಂಗಳ ಉಳಿತಾಯ 4,000. ಎರಡು ಕಾರಿನ ಆನ್‌ರೋಡ್ ಬೆಲೆಯ ಅಂತರ 3 ಲಕ್ಷ ಇದ್ದರೆ ಅದು ತೀರಲು 75 ತಿಂಗಳು, ಆರು ವರ್ಷದ ಮೇಲೆ. ತಿಂಗಳಿಗೆ 2,000 ಕಿ.ಮೀ. ಓಡುವವರಿಗೆ ಇದೇ ಅಂತರ ಮೂರು ವರ್ಷದೊಳಗೆ ತೀರುತ್ತದೆ. 500 ಕಿ.ಮೀ. ಓಡುವವರು ದುಡ್ಡಿನ ಕಾರಣಕ್ಕೆ ಎಲೆಕ್ಟ್ರಿಕ್ ಕೊಳ್ಳಲೇಬಾರದು.

ಹಳೆಯ ವಿಡಿಯೊ ನೋಡಿ ಲೆಕ್ಕ ಹಾಕಬೇಡಿ. ಸಾಲದ ಬಡ್ಡಿಗೆ ಸಿಗುತ್ತಿದ್ದ 80ಇಇಬಿ ಆದಾಯ ತೆರಿಗೆ ವಿನಾಯಿತಿ 2023ರ ಮಾರ್ಚ್ 31ರವರೆಗೆ ಮಂಜೂರಾದ ಸಾಲಕ್ಕೆ ಮಾತ್ರ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಈಗಲೂ ಶೇ 5, ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನದೂ ಶೇ 18ಕ್ಕೆ ಇಳಿದಿದೆ. ಹಾಗಾಗಿ ಬೆಲೆಯ ಅಂತರವನ್ನು ಇವತ್ತಿನ ಎರಡು ಕೊಟೇಶನ್ ಎದುರುಬದುರು ಇಟ್ಟು ನೋಡಿ. ವಿಮೆಯಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂಗೆ ಶೇ 15 ರಿಯಾಯಿತಿ ಇದೆ. ಕಾರಿನ ಬೆಲೆಯೇ ಜಾಸ್ತಿ ಇರುವುದರಿಂದ ಸ್ವಂತ ಹಾನಿಯ ಪ್ರೀಮಿಯಂ ಏರಿ, ಅದು ಅಲ್ಲಿಗಲ್ಲಿಗೆ ಸರಿಹೋಗುತ್ತದೆ.

ಮೀಟರ್_ಬೋರ್ಡ್

ಮೇಲಿನವರು ಹೇಳಿದ 200 ಯೂನಿಟ್ ತೊಡಕಿಗೆ ದಾರಿ ಇದೆ. ಚಾರ್ಜಿಂಗಿಗೇ ಅಂತ ಬೇರೆ ಮೀಟರ್ ಕೇಳಿ. ಚಾರ್ಜಿಂಗಿನ ದರ ವರ್ಗ ಎಲ್‌ಟಿ-6ಸಿ. ಪರವಾನಗಿ ಇರುವ ಗುತ್ತಿಗೆದಾರರ ಮೂಲಕ ಸೆಸ್ಕ್ (ನಮ್ಮ ಭಾಗದ ವಿದ್ಯುತ್ ಕಂಪನಿ) ಉಪವಿಭಾಗ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಆಗ ಮನೆಯ ಆರ್‌ಆರ್ ನಂಬರಿನ 110 ಯೂನಿಟ್ ಅದರ ಪಾಡಿಗೆ ಇರುತ್ತೆ. ಠೇವಣಿ, ಮೀಟರ್ ಬಾಕ್ಸು, ವೈರಿಂಗು ಅಂತ ಮೊದಲಿಗೆ ಖರ್ಚಿದ್ದರೂ ನಿಮ್ಮ ಓಡಾಟಕ್ಕೆ ಅದು ವಾಪಸು ಬರುತ್ತೆ.

ಈಗ ಪ್ಲಗ್ಗಿನ ವಿಷಯ. 15 ಆಂಪ್ ಸಾಕು, ಆದರೆ ಈಗ ಗೋಡೆಯಲ್ಲಿರೋ ಸಾಕೆಟ್ ಆಗಲ್ಲ. ಗೀಸರ್ ಅದೇ ಸಾಕೆಟ್ಟಿನಲ್ಲಿ ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತೆ. ಕಾರು 13 ಆಂಪನ್ನ ಒಂದೇ ಸಮ ಎಂಟು ಗಂಟೆ ಎಳೆಯುತ್ತೆ. ಹಳೆ ಸಾಕೆಟ್ಟಿನ ಹಿತ್ತಾಳೆ ಪತ್ತಿ ಸಡಿಲ ಆಗಿರುತ್ತೆ, ಅಲ್ಲಿ ಶಾಖ ಹುಟ್ಟುತ್ತೆ, ಶಾಖಕ್ಕೆ ಪತ್ತಿ ಇನ್ನಷ್ಟು ಸಡಿಲ ಆಗುತ್ತೆ, ಕೊನೆಗೆ ಪ್ಲಾಸ್ಟಿಕ್ ಕರಗುತ್ತೆ. ನೋಡಿದವರು ಕಾರಿನ ದೋಷ ಅಂದುಕೊಳ್ಳುತ್ತಾರೆ. ತಪ್ಪು ಸಾಕೆಟ್ಟಿನದು.

ಮಾಡಿಸಬೇಕಾದ್ದು ಇಷ್ಟು. ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆ ಲೈನು, ಮಧ್ಯೆ ಎಲ್ಲೂ ಜಾಯಿಂಟ್ ಇರಬಾರದು. 4 ಚದರ ಮಿ.ಮೀ. ತಾಮ್ರದ ವೈರು, ಅರ್ಥ್ ವೈರೂ ಅದೇ ದಪ್ಪ. 20 ಆಂಪ್ ಸಿ-ಕರ್ವ್ ಎಂಸಿಬಿ, ಅದರ ಜೊತೆ 30 ಮಿಲಿಆಂಪಿನ ಟೈಪ್-ಎ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಲೈನು ಕಡಿಯೋ ಸ್ವಿಚ್ಚು. ಅಂಗಡಿಯಲ್ಲಿ ಕೇಳದೆ ಹೋದರೆ ಅಗ್ಗದ ಟೈಪ್-ಎಸಿ ಕೊಡ್ತಾರೆ. ಕಾರಿನ ಚಾರ್ಜರಿನಿಂದ ಏರಿಳಿತದ ಡಿಸಿ ಸೋರಿಕೆ ಆದರೆ ಅದಕ್ಕೆ ತಿಳಿಯಲ್ಲ. ಎಕ್ಸ್‌ಟೆನ್ಶನ್ ಬಾಕ್ಸಂತೂ ಬೇಡವೇ ಬೇಡ. ಮೊದಲ ದಿನ ಒಂದು ಗಂಟೆ ಚಾರ್ಜ್ ಆದಮೇಲೆ ಪ್ಲಗ್ ಟಾಪಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡೋಕೆ ಆಗದಷ್ಟು ಬಿಸಿ ಇದ್ದರೆ ತಕ್ಷಣ ನಿಲ್ಲಿಸಿ ಸಾಕೆಟ್ ಬದಲಾಯಿಸಿ.

7.2 ಕಿಲೋವ್ಯಾಟ್ ಗೋಡೆ ಚಾರ್ಜರು ನಿಮಗೆ ಬೇಕಿಲ್ಲ. ಅದಕ್ಕೆ 32 ಆಂಪ್, 6 ಚದರ ಮಿ.ಮೀ. ವೈರು, 40 ಆಂಪ್ ಎಂಸಿಬಿ, ಜೊತೆಗೆ ಲೋಡ್ ಏರಿಸಿ ಮೂರು ಫೇಸ್ ಮಾಡಿಸೋ ಕೆಲಸ. 3 ಕಿಲೋವ್ಯಾಟಿನಲ್ಲಿ ರಾತ್ರಿ 9.30ರಿಂದ ಬೆಳಿಗ್ಗೆ 6.30ರವರೆಗೆ 27 ಯೂನಿಟ್ ಒಳಗೆ ಹೋಗುತ್ತೆ, ಅದು 180 ಕಿ.ಮೀ. ಓಡಾಟ. ಹೆಬ್ಬಾಳಕ್ಕೆ ಹೋಗಿಬರೋಕೆ ವಾರಕ್ಕೆ ಒಂದು ರಾತ್ರಿ ಸಾಕು. ಮನೆ ಮೀಟರಿನಲ್ಲೇ ಚಾರ್ಜ್ ಮಾಡೋದಾದರೆ ಮಾತ್ರ 3 ಕಿಲೋವ್ಯಾಟ್ ಮಂಜೂರಾತಿ ಸಾಲದು, 5ಕ್ಕೆ ಏರಿಸಿ. ಗೀಸರ್ ಮತ್ತು ಕಾರು ಒಟ್ಟಿಗೆ ಓಡಿದರೆ 5 ಕಿಲೋವ್ಯಾಟ್ ಆಗೇ ಆಗುತ್ತೆ.

ಎಲ್ಲಕ್ಕಿಂತ ಮುಖ್ಯ ಅರ್ಥಿಂಗು. "ಕಾರು ಚಾರ್ಜ್ ತಗೋತಿಲ್ಲ, ಕೆಂಪು ದೀಪ ಬರ್ತಿದೆ" ಅನ್ನೋ ದೂರುಗಳಲ್ಲಿ ಬಹುಪಾಲಿಗೆ ಇದೇ ಕಾರಣ. ಅರ್ಥ್ ಸರಿ ಇಲ್ಲದಿದ್ದರೆ ಚಾರ್ಜರ್ ಶುರುನೇ ಆಗಲ್ಲ, ಆಗಲೂಬಾರದು. ಮಲ್ಟಿಮೀಟರ್ ಹಿಡಿದು ಸಾಕೆಟ್ಟಿನಲ್ಲಿ ಮೂರು ಅಳತೆ ತಗೊಳ್ಳಿ. ಫೇಸ್–ನ್ಯೂಟ್ರಲ್ 230ರ ಹತ್ತಿರ, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ 2–3 ವೋಲ್ಟ್ ಒಳಗೆ. ಗೀಸರ್ ಹಾಕಿಟ್ಟು ಅಳೆಯಬೇಕು, ಲೋಡ್ ಇಲ್ಲದಾಗ ಎಲ್ಲಾ ಚೆನ್ನಾಗೇ ಕಾಣುತ್ತೆ. ನ್ಯೂಟ್ರಲ್–ಅರ್ಥ್ ಹತ್ತು ಹದಿನೈದಕ್ಕೆ ಏರಿದರೆ ಒಂದೋ ನಿಮ್ಮ ಅರ್ಥಿಂಗ್ ಗುಂಡಿ ಒಣಗಿದೆ, ಇಲ್ಲಾ ಕಂಬದಲ್ಲಿ ನ್ಯೂಟ್ರಲ್ ಸಡಿಲ ಆಗಿದೆ. ಎರಡನೆಯದನ್ನ ಲೈನ್‌ಮನ್ನೇ ಸರಿಮಾಡಬೇಕು.

20 ವರ್ಷದ ಮನೆ ಅಂದಿರಿ. ಅಷ್ಟು ಹಳೆಯದರಲ್ಲಿ ಅರ್ಥಿಂಗಿನ ಜಿಐ (ಸತು ಲೇಪದ ಕಬ್ಬಿಣ) ತಂತಿ ನೆಲದ ಮಟ್ಟದಲ್ಲೇ ತುಕ್ಕು ಹಿಡಿದು ತುಂಡಾಗಿರೋದು, ಗುಂಡಿಯ ಮೇಲೆ ಕಾಂಕ್ರೀಟ್ ಹಾಕಿ ಟೈಲ್ಸ್ ಕೂರಿಸಿರೋದು ಮಾಮೂಲು. ಹೊಸ ಗುಂಡಿಯೇ ವಾಸಿ: 2.5–3 ಮೀಟರ್ ಪೈಪು, ಸುತ್ತ ಇದ್ದಿಲು-ಉಪ್ಪು ಪದರ ಅಥವಾ ಅಂಗಡಿಯಲ್ಲಿ ಸಿಗೋ ಅರ್ಥಿಂಗ್ ಪುಡಿ, ಮೇಲೆ ತೆರೆಯೋಕೆ ಬರೋ ಮುಚ್ಚಳ. ಮಾರ್ಚ್‌ನಿಂದ ಮೇವರೆಗೆ ವಾರಕ್ಕೆ ಒಂದೆರಡು ಬಿಂದಿಗೆ ನೀರು ಹಾಕಿ.

ವಿಜಯನಗರ_2ನೇ_ಹಂತ

ಬಹಳ ಉಪಕಾರ ಆಯ್ತು ಸರ್. ಊರಿನ ಮನೇಲಿ ಒಂದು ರಾತ್ರಿ ನಿಂತರೆ ಅಲ್ಲಿ ಚಾರ್ಜ್ ಮಾಡಬಹುದಾ? ತೋಟದಲ್ಲಿ ಪಂಪ್‌ಸೆಟ್ ಲೈನೂ ಇದೆ.

ಮದ್ದೂರು_ಕಡೆಯವ

ಪಂಪ್‌ಸೆಟ್ ಲೈನು ಮುಟ್ಟಲೇಬೇಡಿ. 10 ಎಚ್‌ಪಿವರೆಗಿನ ಉಚಿತ ಕರೆಂಟು ನೀರೆತ್ತೋಕೆ ಕೊಟ್ಟಿರೋದು. ಅದರಲ್ಲಿ ಕಾರು ಚಾರ್ಜ್ ಮಾಡಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ, ದಂಡ ಬೀಳುತ್ತೆ.

ಮನೆ ಲೈನಲ್ಲಿ ಮಾಡಬಹುದು. ಅಲ್ಲಿನ ತೊಂದರೆ ಓಲ್ಟೇಜು. ಟ್ರಾನ್ಸ್‌ಫಾರ್ಮರಿಗೆ ದೂರ ಇರೋ ಮನೆಗಳಿಗೆ ಸಾಯಂಕಾಲ 180ಕ್ಕೆ ಇಳಿಯುತ್ತೆ, ಕಾರು ಚಾರ್ಜ್ ಶುರು ಮಾಡಿ ನಿಲ್ಲಿಸಿ ಮಾಡುತ್ತೆ. ರಾತ್ರಿ 11ರ ಮೇಲೆ ಲೋಡ್ ಕಮ್ಮಿ ಆಗಿ ಸರಿಹೋಗುತ್ತೆ. ಆಂಪ್ ಇಳಿಸೋ ಸೌಲಭ್ಯ ಕಾರಿನಲ್ಲೋ ಕೇಬಲ್ಲಿನಲ್ಲೋ ಇದ್ದರೆ 8 ಅಥವಾ 10ಕ್ಕೆ ಇಟ್ಟುಬಿಡಿ. ಕಮ್ಮಿ ಎಳೆದಷ್ಟೂ ಓಲ್ಟೇಜ್ ಕುಸಿಯೋದು ಕಮ್ಮಿ. ಹಳೇ ವೈರಿಂಗಿಗೂ ಒಳ್ಳೇದು. ಮನೆಯ ಯುಪಿಎಸ್‌ನಲ್ಲಿ ಮಾತ್ರ ಯಾವತ್ತೂ ಹಾಕಬೇಡಿ, ಅದರ ಶಕ್ತಿ ಒಂದು ಕಿಲೋವ್ಯಾಟ್ ಕೂಡ ಇರಲ್ಲ.

ಹೋಗಿಬರೋದು ನೂರು ನೂರಿಪ್ಪತ್ತು ಕಿ.ಮೀ. ಅಷ್ಟೇ. 30 ಯೂನಿಟ್ ಬ್ಯಾಟರಿ ಇದ್ದರೆ ಊರಲ್ಲಿ ಚಾರ್ಜ್ ಯೋಚನೆಯೇ ಬೇಕಿಲ್ಲ.

ಘಾಟಿ_ದಾರಿ

ಬೆಂಗಳೂರು ಹೆದ್ದಾರಿಯ ಲೆಕ್ಕ ಹೇಳುತ್ತೇನೆ, ಏಕೆಂದರೆ ಎಷ್ಟು ಯೂನಿಟ್ಟಿನ ಬ್ಯಾಟರಿ ಕೊಳ್ಳಬೇಕು ಎನ್ನುವುದನ್ನು ತೀರ್ಮಾನಿಸುವುದು ಈ ದಾರಿಯೇ. ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಿ.ಮೀ.ಗೆ 130 ವ್ಯಾಟ್-ಅವರ್ ತಿನ್ನುವ ಕಾರು 100ರಲ್ಲಿ 160 ತಿನ್ನುತ್ತದೆ. ಮನೆಯಿಂದ ಬೆಂಗಳೂರಿನ ಒಳಗಿನವರೆಗೆ 145 ಕಿ.ಮೀ. ಹಿಡಿಯಿರಿ: 80ರಲ್ಲಿ 19 ಯೂನಿಟ್, 100ರಲ್ಲಿ 23. ಬೆಂಗಳೂರು ನಮಗಿಂತ 150 ಮೀಟರ್ ಎತ್ತರದಲ್ಲಿರುವುದರಿಂದ ಹೋಗುವಾಗ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಬೇಕು. 24 ಯೂನಿಟ್ಟಿನ ಸಣ್ಣ ಕಾರು 100ರಲ್ಲಿ ಓಡಿಸಿದರೆ ತಲುಪುವುದೇ ಅನುಮಾನ. 45ರ ಬ್ಯಾಟರಿ ಅರ್ಧ ಉಳಿಸಿಕೊಂಡು ತಲುಪುತ್ತದೆ, ವಾಪಸು ಬರಲು ಅಲ್ಲಿ ಅರ್ಧ ಗಂಟೆ ಡಿಸಿ (ವೇಗದ) ಚಾರ್ಜ್ ಬೇಕು. ಹೊರಗಿನ ಚಾರ್ಜಿಂಗಿಗೆ ಜಿಎಸ್‌ಟಿ ಸೇರಿ ಯೂನಿಟ್‌ಗೆ 18ರಿಂದ 24 ರೂಪಾಯಿ. ಮನೆಯ ಮೂರು ಪಟ್ಟು.

ಈ ಹೆದ್ದಾರಿ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಎಲ್ಲವನ್ನೂ ಬೈಪಾಸಿನಲ್ಲಿ ದಾಟಿಬಿಡುತ್ತದೆ. ಚಾರ್ಜರ್ ಇರುವ ಹೋಟೆಲು ಸರ್ವಿಸ್ ರಸ್ತೆಯಲ್ಲೋ ಹಳೇ ರಸ್ತೆಯಲ್ಲೋ ಇದ್ದರೆ, ಮ್ಯಾಪಿನಲ್ಲಿ ಪಕ್ಕದಲ್ಲೇ ಕಂಡರೂ ಇಳಿಯುವ ದಾರಿ ತಪ್ಪಿದ ಮೇಲೆ ಮುಂದಿನದರವರೆಗೆ ಹೋಗಿ ತಿರುಗಿ ಬರಬೇಕು. ಶೇ 25 ಇರುವಾಗಲೇ ಇಳಿಯಿರಿ. ಹೊರಡುವ ಮುನ್ನ ಆ್ಯಪಿನಲ್ಲಿ ಕೊನೆಯದಾಗಿ ಯಾರಾದರೂ ಚಾರ್ಜ್ ಮಾಡಿದ್ದು ಯಾವಾಗ ಎಂದು ನೋಡಿ. ಎರಡು ಮೂರು ದಿನದಿಂದ ಯಾರೂ ಬಳಸಿಲ್ಲ ಎಂದರೆ ಅದು ಕೆಟ್ಟಿದೆ ಎಂದೇ ತಿಳಿದು ಬೇರೊಂದನ್ನು ಗುರುತಿಟ್ಟುಕೊಳ್ಳಿ.

ಊಟಿಗೆ ಗೂಡಲೂರು ದಾರಿಯಲ್ಲಿ ಸುಮಾರು 160 ಕಿ.ಮೀ., ಏರಿಕೆ ಸುಮಾರು 1,470 ಮೀಟರ್. ನಾಲ್ವರು ಕೂತ ಕಾರನ್ನು ಅಷ್ಟು ಎತ್ತಲು 7–8 ಯೂನಿಟ್, ದಾರಿಯ ಓಟಕ್ಕೆ 20. ಒಟ್ಟು 28. ಇಳಿಯುವಾಗ ಅದರಲ್ಲಿ ನಾಲ್ಕೈದು ಯೂನಿಟ್ ಬ್ಯಾಟರಿಗೆ ಮರಳುತ್ತದೆ. ಊಟಿಯಲ್ಲಿ ಶೇ 100 ತುಂಬಿಸಿ ಹೊರಡಬೇಡಿ. ತುಂಬಿದ ಬ್ಯಾಟರಿಗೆ ಮರಳುವ ಕರೆಂಟು ಹಿಡಿಯಲು ಜಾಗ ಇರುವುದಿಲ್ಲ, ರಿಜೆನ್ (ಇಳಿಜಾರಿನಲ್ಲಿ ಮೋಟಾರೇ ಕರೆಂಟು ಹುಟ್ಟಿಸಿ ವೇಗ ತಗ್ಗಿಸುವುದು) ಕೆಲಸ ಮಾಡದೆ ಘಾಟಿಯ ಮೊದಲ ತಿರುವುಗಳಲ್ಲೇ ಎಲ್ಲ ಭಾರ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. 80–85ಕ್ಕೆ ನಿಲ್ಲಿಸಿ. ಬಂಡೀಪುರ ರಸ್ತೆ ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುವುದರಿಂದ, ಬರುವಾಗ ಚಾರ್ಜರ್ ಮುಂದೆ ಸಾಲು ಇರಬಹುದೆಂದು ಒಂದೂವರೆ ಗಂಟೆ ಹೆಚ್ಚಿಗೆ ಇಟ್ಟುಕೊಂಡೇ ಹೊರಡಿ.

ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಆಗಿದ್ದರೆ ಕಂಪನಿ ಕೈಪಿಡಿಯಂತೆ ಆಗಾಗ ನಿಧಾನದ ಚಾರ್ಜಿನಲ್ಲಿ 100ರವರೆಗೆ ಬಿಡಿ, ಇಲ್ಲದಿದ್ದರೆ ಉಳಿದ ಶೇಕಡಾ ಸುಳ್ಳು ತೋರಿಸಲು ಶುರುವಾಗುತ್ತದೆ. ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಆಗಿದ್ದರೆ ದಿನಬಳಕೆಗೆ 80 ಸಾಕು. ಕಾರು ಸತ್ತಂತೆ ನಿಂತರೆ ಮೊದಲು 12 ವೋಲ್ಟಿನ ಸಣ್ಣ ಬ್ಯಾಟರಿ ನೋಡಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಇದು ಸತ್ತರೆ ಕಾರು ಎಚ್ಚರಗೊಳ್ಳುವುದಿಲ್ಲ.

ಮಂಡಿ_ಮೊಹಲ್ಲಾ

ಇದನ್ನು ಓದುವ ಬಾಡಿಗೆ ಮನೆಯವರಿಗೆ, ರಸ್ತೆ ಬದಿ ಕಾರು ನಿಲ್ಲಿಸುವವರಿಗೆ ಒಂದು ಮಾತು. ಮೇಲಿನ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಪೂರ್ತಿ ಹೊರಗಿನ ಚಾರ್ಜನ್ನೇ ನಂಬಿದರೆ ಕಿ.ಮೀ.ಗೆ 3 ರೂಪಾಯಿ ದಾಟುತ್ತದೆ, ವಾರಕ್ಕೊಂದು ಗಂಟೆ ಕಾಯುವುದು ಬೇರೆ. ಪೆಟ್ರೋಲಿನ 6.40ಕ್ಕೆ ಹೋಲಿಸಿದರೆ ಉಳಿಯುವುದು ಅದರ ಅರ್ಧದಷ್ಟು ಮಾತ್ರ, ತಿಂಗಳಿಗೆ 1,000 ಕಿ.ಮೀ. ಓಡಿದರೆ 3 ಲಕ್ಷದ ಅಂತರ ತೀರಲು ಏಳೆಂಟು ವರ್ಷ ಬೇಕು.

ಐದು ವರ್ಷಕ್ಕೆ ಮಾರುವ ಯೋಚನೆ ಇದ್ದವರೂ ನಿಧಾನಿಸಿ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ. ಅದಕ್ಕೂ ಹೆಚ್ಚಿನ ವಾರಂಟಿಗಳು ಮೊದಲ ಮಾಲೀಕರಿಗೆ ಮಾತ್ರ ಎಂಬ ಷರತ್ತಿನೊಡನೆ ಬರುತ್ತವೆ. ಕೊಳ್ಳುವವರು ಇದನ್ನೇ ಹಿಡಿದು ಬೆಲೆ ಇಳಿಸುತ್ತಾರೆ.

ಲೆಕ್ಕದ_ಪುಸ್ತಕ

ಒಪ್ಪುತ್ತೇನೆ. ವಿಜಯನಗರದವರಿಗೆ ನನ್ನ ಸಲಹೆ: ಬೇರೆ ಮೀಟರ್ ಸಿಕ್ಕರೆ ನಿಮ್ಮ ತಿಂಗಳ ಉಳಿತಾಯ 5,000 ದಾಟುತ್ತದೆ, ಅಂತರ ಐದು ವರ್ಷದೊಳಗೆ ತೀರುತ್ತದೆ. ಎಂಟು ವರ್ಷ ಇಟ್ಟುಕೊಳ್ಳುವವರಾದರೆ ಕೊಳ್ಳಿ.

ಮೀಟರ್_ಬೋರ್ಡ್

ಕೆಲಸದ ಕ್ರಮ ಮಾತ್ರ ತಪ್ಪಿಸಬೇಡಿ. ಮೊದಲು ಅರ್ಥ್ ಅಳತೆ, ಆಮೇಲೆ ಮೀಟರಿಗೆ ಅರ್ಜಿ, ಆಮೇಲೆ ವೈರಿಂಗು, ಕೊನೆಗೆ ಕಾರಿನ ಬುಕಿಂಗು. ಕಾರು ಮನೆಗೆ ಬಂದ ದಿನವೇ ಶೋರೂಮಿನ ಹುಡುಗ ಹೋಗೋಕೆ ಮುಂಚೆ ಅವರ ಕೇಬಲ್ಲು ನಿಮ್ಮ ಸಾಕೆಟ್ಟಿಗೆ ಹಾಕಿಸಿ, ಕಾಲು ಗಂಟೆ ಹಸಿರು ದೀಪ ನಿಂತಿರೋದನ್ನ ನೋಡಿಕೊಂಡೇ ಸಹಿ ಹಾಕಿ.