ಕನ್ನಡಕದ ಚೀಟಿಯಲ್ಲಿರುವ ಅಂಕಿಗಳ ಅರ್ಥವೇನು?

ಪ್ರಶ್ನೆ:
ನನಗೀಗ 44 ವರ್ಷ. ಕಳೆದ ವಾರ ಕಣ್ಣು ತೋರಿಸಿಕೊಂಡಾಗ ಕೊಟ್ಟ ಚೀಟಿಯಲ್ಲಿ ಬಲಗಣ್ಣಿನ ಸಾಲಿಗೆ ‘ಸ್ಫಿಯರ್ −2.00, ಸಿಲಿಂಡರ್ −0.75, ಆಕ್ಸಿಸ್ 90, ಆಡ್ +1.25’ ಎಂದಿದೆ. ಒಂದೇ ಕಣ್ಣಿಗೆ ಮೈನಸ್ಸೂ ಪ್ಲಸ್ಸೂ ಹೇಗೆ ಬರುತ್ತವೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಸ್ಫಿಯರ್ ಎಂಬುದು ಮಸೂರದ ಮೂಲ ಪವರ್. ಅದನ್ನು ಡಯಾಪ್ಟರ್‌ಗಳಲ್ಲಿ ಅಳೆಯುತ್ತಾರೆ. ಮೈನಸ್ ಸಮೀಪದೃಷ್ಟಿಯನ್ನು ಸೂಚಿಸುತ್ತದೆ, −2.00 ಇದ್ದವರಿಗೆ ಕನ್ನಡಕವಿಲ್ಲದಿದ್ದರೆ ಸುಮಾರು ಅರ್ಧ ಮೀಟರಿನಿಂದಾಚೆಗೆ ಎಲ್ಲವೂ ಮಸುಕು. ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಬಾಗು ಎಲ್ಲ ದಿಕ್ಕಿಗೂ ಸಮನಾಗಿಲ್ಲದಿದ್ದಾಗ ಬೇಕಾಗುವ ತಿದ್ದುಪಡಿಯೇ ಸಿಲಿಂಡರ್, ಅದನ್ನು ಕೂರಿಸುವ ಕೋನವೇ ಆಕ್ಸಿಸ್. ಆಕ್ಸಿಸ್ 1ರಿಂದ 180ರವರೆಗಿನ ಡಿಗ್ರಿಯಷ್ಟೇ, ಪವರ್ ಅಲ್ಲ. ಆದ್ದರಿಂದ 90 ಕಂಡು ಗಾಬರಿಯಾಗಬೇಕಿಲ್ಲ (ನಾನೂ ಮೊದಲ ಸಲ ಗಾಬರಿಯಾಗಿದ್ದೆ).

ಉತ್ತರ 2:
ನಮ್ಮ ಹಿರಿಯರು ‘ಚಾಳೀಸು’ ಎನ್ನುತ್ತಿದ್ದುದೇ ಈ ‘ಆಡ್’. ನಲವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ತನ್ನ ಮೆದುತನ ಕಳೆದುಕೊಂಡು ಹತ್ತಿರದ ಅಕ್ಷರಗಳಿಗೆ ಹೊಂದಿಕೊಳ್ಳಲು ಹೆಣಗುವುದರಿಂದ, ದೂರದ ಪವರಿಗೆ ಇಷ್ಟನ್ನು ಕೂಡಿಸಿ ಓದುವ ಭಾಗವನ್ನು ತಯಾರಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ −2.00ಕ್ಕೆ +1.25 ಕೂಡಿದರೆ −0.75 ಆಗುತ್ತದೆ, ಸಿಲಿಂಡರ್ ಹಾಗೆಯೇ ಉಳಿಯುತ್ತದೆ. ಒಂದೇ ಗಾಜಿನಲ್ಲಿ ದೂರಕ್ಕೊಂದು, ಓದಿಗೊಂದು ಪವರ್ ಇರುವ ಬೈಫೋಕಲ್‌ನಲ್ಲಿ ಈ ಭಾಗವನ್ನು ಬೇರ್ಪಡಿಸುವ ಗೆರೆ ಕಾಣುತ್ತದೆ, ಪವರ್ ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಬದಲಾಗುವ ಪ್ರೋಗ್ರೆಸಿವ್‌ನಲ್ಲಿ ಕಾಣುವುದಿಲ್ಲ.

ಉತ್ತರ 3:
ಪ್ರೋಗ್ರೆಸಿವ್ ಆರಿಸುವುದಾದರೆ ಪಿಡಿಯನ್ನು, ಅಂದರೆ ಎರಡು ಪಾಪೆಗಳ ನಡುವಣ ಅಂತರವನ್ನು, ಅಂಗಡಿಯಲ್ಲೇ ಅಳೆಸಿರಿ. ಹಳೆಯ ಫ್ರೇಮಿನ ಕಡ್ಡಿಯ ಒಳಬದಿಯಲ್ಲಿ ‘52 18 140’ ಎಂಬಂತಹ ಸಣ್ಣ ಅಂಕಿಗಳಿದ್ದರೆ, ಅವು ಕ್ರಮವಾಗಿ ಗಾಜಿನ ಅಗಲ, ಮೂಗಿನ ಸೇತುವೆ ಮತ್ತು ಕಡ್ಡಿಯ ಉದ್ದವನ್ನು ಮಿಲಿಮೀಟರಿನಲ್ಲಿ ಹೇಳುತ್ತವೆ.